ಒಂಟಿ ಆಸನದ ಕಿಟ್ ವಿಮಾನ: ಪೆಟ್ಟಿಗೆ ಬಿಚ್ಚುವ ಮೊದಲು ಮೈಸೂರಿನ ಗಾಳಿಗೆ ಹಾಕಬೇಕಾದ ಲೆಕ್ಕ

ಕಿಟ್ ರೂಪದಲ್ಲಿ, ಅಂದರೆ ನಾವೇ ಜೋಡಿಸಿಕೊಳ್ಳಬೇಕಾದ ಬಿಡಿಭಾಗಗಳಾಗಿ ದೊರೆಯುವ ಒಂಟಿ ಆಸನದ ಅಲ್ಟ್ರಾಲೈಟ್ (ಅತಿ ಹಗುರ) ವಿಮಾನಗಳಲ್ಲಿ ಅನೇಕವನ್ನು ಅಮೆರಿಕದಲ್ಲಿ 1982ರಲ್ಲಿ ಜಾರಿಗೆ ಬಂದ ‘ಭಾಗ 103’ ಎಂಬ ನಿಯಮಕ್ಕೆ ಹೊಂದುವಂತೆ ರೂಪಿಸಲಾಗಿದೆ. ಆ ನಿಯಮದಂತೆ ಎಂಜಿನ್ ಇರುವ ವಿಮಾನದ ಖಾಲಿ ತೂಕ 254 ಪೌಂಡ್, ಅಂದರೆ ಸುಮಾರು 115 ಕೆ.ಜಿ.ಗಿಂತ ಕಡಿಮೆ ಇರಬೇಕು, ಇಂಧನ ಸುಮಾರು 19 ಲೀಟರ್ ಮೀರಬಾರದು, ಸ್ಟಾಲ್ ವೇಗ (ಇದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದು) 24 ನಾಟ್, ಅಂದರೆ ಗಂಟೆಗೆ ಸುಮಾರು 44 ಕಿ.ಮೀ. ದಾಟಬಾರದು. ಅಲ್ಲಿ ಇಂಥ ವಿಮಾನಕ್ಕೆ ನೋಂದಣಿ ಬೇಕಿಲ್ಲ. ಆ ವಿನಾಯಿತಿ ನಮ್ಮಲ್ಲಿಲ್ಲ. ಆದ್ದರಿಂದ ಹಣ ಕಟ್ಟುವ ಮೊದಲೇ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದೊಂದಿಗೆ ಪತ್ರವ್ಯವಹಾರ ಆರಂಭಿಸುವುದು ಒಳಿತು.

ಕೈಪಿಡಿಯ ಅಂಕಿಗಳು ಸಾಮಾನ್ಯವಾಗಿ ಸಮುದ್ರಮಟ್ಟದ, 15 ಡಿಗ್ರಿ ಉಷ್ಣಾಂಶದ ಗಾಳಿಗೆ ಬರೆದಂಥವು. ಮೈಸೂರಿನ ಮಂಡಕಳ್ಳಿಯ ವಿಮಾನ ನಿಲ್ದಾಣವೋ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಹೀಗಾಗಿ ಕಿಟ್ ಯಾವುದೇ ಇರಲಿ, ಮೂರು ಲೆಕ್ಕಗಳನ್ನು ನಾವೇ ಹೊಸದಾಗಿ ಹಾಕಿಕೊಳ್ಳಬೇಕು.

ಮೊದಲನೆಯದು ರೆಕ್ಕೆಯದು. ಖಾಲಿ ತೂಕ 115, ಹೆಲ್ಮೆಟ್ ಸಹಿತ ಹಾರುವವರ ತೂಕ 80, ಇಂಧನ 14 ಎಂದು ಹಿಡಿದರೆ ಒಟ್ಟು ಸುಮಾರು 210 ಕೆ.ಜಿ. ಆಗುತ್ತದೆ. (ಹಾರುವವರ ತೂಕವನ್ನು ಬೂಟು ಹಾಕಿಕೊಂಡು, ಊಟವಾದ ಮೇಲೆ ನೋಡಬೇಕು, ಆಸ್ಪತ್ರೆಯ ಹಳೆಯ ಚೀಟಿಯಲ್ಲಿರುವ ತೂಕ ಇಲ್ಲಿ ಕೆಲಸಕ್ಕೆ ಬಾರದು.) ರೆಕ್ಕೆಯ ಎತ್ತುವ ಬಲವೆಂದರೆ ಗಾಳಿಯ ಸಾಂದ್ರತೆಯ ಅರ್ಧ, ವೇಗದ ವರ್ಗ, ವಿಸ್ತೀರ್ಣ ಮತ್ತು ಲಿಫ್ಟ್ ಗುಣಾಂಕ (ರೆಕ್ಕೆ ಎಷ್ಟು ಚೆನ್ನಾಗಿ ಎತ್ತುತ್ತದೆ ಎಂಬುದನ್ನು ಹೇಳುವ ಸಂಖ್ಯೆ), ಈ ನಾಲ್ಕರ ಗುಣಲಬ್ಧ. ಫ್ಲಾಪ್ (ಹಿಂಅಂಚಿನಲ್ಲಿ ಇಳಿಬಿಡುವ ಪಟ್ಟಿ) ಇಲ್ಲದ ದಪ್ಪ ರೆಕ್ಕೆಗೆ ಗರಿಷ್ಠ ಗುಣಾಂಕವನ್ನು 1.5 ಎಂದು ಇಟ್ಟುಕೊಂಡರೆ, 24 ನಾಟ್ ವೇಗದಲ್ಲಿ 210 ಕೆ.ಜಿ. ಹೊರಲು 14.7 ಚದರ ಮೀಟರ್ ಬೇಕಾಗುತ್ತದೆ. ಮುಂಅಂಚಿನಿಂದ ಹಿಂಅಂಚಿಗೆ ರೆಕ್ಕೆಯ ಅಗಲ 1.5 ಮೀಟರ್ ಇದ್ದರೆ ತುದಿಯಿಂದ ತುದಿಗೆ 9.8 ಮೀಟರ್.

ಈಗ ಇದೇ ರೆಕ್ಕೆಯನ್ನು ಏಪ್ರಿಲ್ ತಿಂಗಳ 35 ಡಿಗ್ರಿ ಮಧ್ಯಾಹ್ನಕ್ಕೆ ಮಂಡಕಳ್ಳಿಗೆ ತನ್ನಿ. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.225ರಿಂದ ಸುಮಾರು 1.05 ಕೆ.ಜಿ.ಗೆ ಇಳಿದಿರುತ್ತದೆ. ವೇಗಮಾಪಕ ಸ್ಟಾಲ್ ಹೊತ್ತಿಗೆ 44 ಎಂದೇ ತೋರಿಸಿದರೂ ನಿಜವಾದ ವೇಗ 47 ದಾಟಿರುತ್ತದೆ. ಎಂಜಿನ್ನೂ ಪ್ರೊಪೆಲ್ಲರೂ ಅದೇ ತೆಳು ಗಾಳಿಯಲ್ಲಿ ದುಡಿಯುವುದರಿಂದ ಎಳೆತವೂ ಕುಗ್ಗಿ, ನೆಲ ಬಿಡಲು ಬೇಕಾದ ಓಟ ಮೂರನೇ ಒಂದು ಪಾಲಿಗೂ ಹೆಚ್ಚು ಉದ್ದವಾಗುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿನ ಕಾರ್ಬುರೇಟರ್ ಜೆಟ್ಟನ್ನು (ಪೆಟ್ರೋಲ್ ಹರಿಯುವ ಸಣ್ಣ ತೂತನ್ನು) ಈ ಎತ್ತರಕ್ಕೆ ಹೊಂದಿಸಬೇಕು. ಹಾಗೆ ಹೊಂದಿಸಿದ್ದನ್ನು ಬದಲಿಸದೆ ಮಂಗಳೂರಿನ ಕಡೆಗೆ ಒಯ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಸಾಲದೆ ಎಂಜಿನ್ ಸೀಜ್ ಆಗಬಹುದು.

ಎರಡನೆಯದಾದ ಗುರುತ್ವ ಕೇಂದ್ರದ ಲೆಕ್ಕದಲ್ಲಿಯೇ ಹೆಚ್ಚಿನವರು ಎಡವುವುದು. ಸಾಮಾನ್ಯ ವಿನ್ಯಾಸದಲ್ಲಿ ಅದು ರೆಕ್ಕೆಯ ಮುಂಅಂಚಿನಿಂದ ಅಗಲದ ಶೇ. 20ರಿಂದ 30ರೊಳಗೆ, ನಮ್ಮ ಉದಾಹರಣೆಯಲ್ಲಿ 30ರಿಂದ 45 ಸೆಂ.ಮೀ. ನಡುವೆ ಇರಬೇಕು. ಬೆಲ್ಲದ ಮಂಡಿಯಲ್ಲಿ ಬಳಸುವಂಥ ಮೂರು ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ತಂದು, ಬಾಲದ ಚಕ್ರವನ್ನು ಎತ್ತರಿಸಿ ವಿಮಾನವನ್ನು ಹಾರಾಟದ ಮಟ್ಟಕ್ಕೆ ನಿಲ್ಲಿಸಿ, ಹಾರುವವರನ್ನು ಕೂರಿಸಿ ತೂಗಬೇಕು. ಮುಂಅಂಚಿನಿಂದ 10 ಸೆಂ.ಮೀ. ಹಿಂದಿರುವ ಮುಖ್ಯ ಚಕ್ರಗಳ ಮೇಲೆ 193 ಕೆ.ಜಿ., 400 ಸೆಂ.ಮೀ. ಹಿಂದಿರುವ ಬಾಲದ ಚಕ್ರದ ಮೇಲೆ 17 ಕೆ.ಜಿ. ಬಂದಿತೆನ್ನಿ. 193ನ್ನು 10ರಿಂದ, 17ನ್ನು 400ರಿಂದ ಗುಣಿಸಿ ಕೂಡಿದರೆ 8,730. ಅದನ್ನು 210ರಿಂದ ಭಾಗಿಸಿದರೆ 41.6 ಸೆಂ.ಮೀ., ಅಂದರೆ ಶೇ. 28ರ ಹತ್ತಿರ. ಸರಿಯಾಗಿಯೇ ಇದೆ. ಆದರೆ ಬಾಲದ ಹೊದಿಕೆಯ ಬಟ್ಟೆಗೆ ಅಂದಕ್ಕೆಂದು ಬಣ್ಣ ಬಳಿದು ಅಲ್ಲಿ 2 ಕೆ.ಜಿ. ಕೂಡಿಸಿದರೆ ಕೇಂದ್ರ 45 ಸೆಂ.ಮೀ.ಗೆ ಸರಿದು ಮಿತಿಯ ಅಂಚಿಗೇ ಬಂದು ನಿಲ್ಲುತ್ತದೆ. ಕೇಂದ್ರ ಅದಕ್ಕೂ ಹಿಂದೆ ಸರಿದರೆ ಸ್ಟಾಲ್ ಆದ ವಿಮಾನದ ಮೂಗನ್ನು ಕೆಳಗೆ ತರುವುದು ಕಷ್ಟ. ನನ್ನನ್ನು ಕೇಳಿದರೆ ಬಾಲಕ್ಕೆ ಬಿಸಿಲು ತಡೆಯುವ ಲೇಪನ ಸಾಕು, ಚಿತ್ತಾರ ಬೇಡ.

ಮೂರನೆಯ ಲೆಕ್ಕಕ್ಕೆ ಹೋಗುವ ಮೊದಲು ಒಂದು ಮಾತು: ಜೋಡಣೆಯಲ್ಲಿ ಬೋಲ್ಟಿನ ತೂತಿಗೆ ಸಮಯ ಕೊಡಿ. ತುಸು ಚಿಕ್ಕದಾಗಿ ಕೊರೆದು, ರೀಮರ್‌ನಿಂದ (ತೂತನ್ನು ನಯವಾಗಿ ಹಿಗ್ಗಿಸುವ ಉಪಕರಣ) ಅಳತೆಗೆ ತರಬೇಕು. ತೂತಿನ ನಡುವಿನಿಂದ ತಗಡಿನ ಅಂಚಿಗೆ ಬೋಲ್ಟಿನ ವ್ಯಾಸದ ಎರಡರಷ್ಟಾದರೂ ಜಾಗ ಇರಬೇಕು. ಬೋಲ್ಟಿನ ನುಣುಪಾದ ಭಾಗವೇ ಭಾರ ಹೊರಬೇಕು, ತಿರುಪಿನ ಸುತ್ತುಗಳಿರುವ ಭಾಗ ತೂತಿನ ಹೊರಗಿರಬೇಕು. ಕಿಟ್ಟಿನ ಬೋಲ್ಟೊಂದು ಕಳೆದುಹೋದರೆ ಹಾರ್ಡ್‌ವೇರ್ ಅಂಗಡಿಯಿಂದ ‘ಅದೇ ಸೈಜಿನದು’ ತಂದು ಹಾಕಬಾರದು.

ಮೂರನೆಯದು ಬಲದ ಲೆಕ್ಕ. ರೆಕ್ಕೆಗಳು 4 ಜಿ, ಅಂದರೆ ತೂಕದ ನಾಲ್ಕು ಪಟ್ಟು ಭಾರ ತಡೆಯಬೇಕೆಂದೂ, ಎರಡೂ ರೆಕ್ಕೆಗಳ ತೂಕ 35 ಕೆ.ಜಿ. ಎಂದೂ ಇಟ್ಟುಕೊಂಡರೆ, 210ರಲ್ಲಿ 35 ಕಳೆದು 4ರಿಂದ ಗುಣಿಸಿದಾಗ 700 ಕೆ.ಜಿ., ಒಂದೊಂದು ಬದಿಗೆ 350 ಕೆ.ಜಿ. ಬರುತ್ತದೆ. ಹಾರುವಾಗ ರೆಕ್ಕೆಯನ್ನು ಮೇಲಕ್ಕೆ ಒತ್ತುವ ಈ ಬಲವನ್ನು ನೆಲದಲ್ಲೇ ಪರೀಕ್ಷಿಸಲು ವಿಮಾನವನ್ನು ಕವುಚಿ ಗಟ್ಟಿಯಾದ ಆಸರೆಯ ಮೇಲಿಟ್ಟಾಗ ರೆಕ್ಕೆಯ ಸ್ವಂತ ತೂಕವೂ ಅದೇ ದಿಕ್ಕಿಗೆ ಎಳೆಯುವುದರಿಂದ, ಒಂದು ಬದಿಗೆ 10 ಕೆ.ಜಿ.ಯ 34 ಮರಳಿನ ಚೀಲ ಸಾಕು. ಮಂಡ್ಯದ ಕಡೆ ಸುಲಭವಾಗಿ ಸಿಗುವ 50 ಕೆ.ಜಿ.ಯ ಸಕ್ಕರೆ ಮೂಟೆ ಈ ಕೆಲಸಕ್ಕೆ ಬೇಡ. ಭಾರವೆಲ್ಲ ಒಂದೇ ಕಡೆ ಕೂತು ರೆಕ್ಕೆಗೆ ಆಕಾರ ಕೊಡುವ ರಿಬ್ ಮುರಿಯುತ್ತದೆ. ಚೀಲಗಳನ್ನು ಬುಡದ ಕಡೆ ಹೆಚ್ಚು, ತುದಿಯ ಕಡೆ ಕಡಿಮೆ, ಮುಂಅಂಚಿನಿಂದ ಅಗಲದ ಕಾಲು ಭಾಗದ ಗೆರೆಯನ್ನು ನಡುವಾಗಿಟ್ಟುಕೊಂಡು, ಎಡಕ್ಕೊಂದು ಬಲಕ್ಕೊಂದರಂತೆ ಪೇರಿಸಬೇಕು. ಕೆಳಗೆ ಯಾರೂ ನುಸುಳಬಾರದು. ಮೊದಲೇ ರೆಕ್ಕೆಯ ತುದಿಯ ಎತ್ತರವನ್ನು ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿರಬೇಕು. ಚೀಲಗಳನ್ನು ಇಳಿಸಿದ ಬಳಿಕ ತುದಿ ಆ ಗುರುತಿಗೆ ಮರಳದೆ ಕೆಳಗೇ ಉಳಿದರೆ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಇರುವ ತೊಲೆ) ಅಥವಾ ಸ್ಟ್ರಟ್ (ರೆಕ್ಕೆಗೆ ಊರುಗೋಲಾಗಿರುವ ಕಂಬಿ) ಎಲ್ಲೋ ಶಾಶ್ವತವಾಗಿ ಬಾಗಿದೆ ಎಂದರ್ಥ. ಬಟ್ಟೆ ಬಿಚ್ಚಿ, ಬಾಗಿದ ಭಾಗವನ್ನು ನೆಟ್ಟಗೆ ಮಾಡಲು ಹೋಗದೆ ಹೊಸದನ್ನು ಹಾಕಿ, ಚೀಲಗಳನ್ನು ಮತ್ತೆ ಪೇರಿಸಿ ನೋಡಬೇಕು.