ಮರಕ್ಕೆ ಎಣ್ಣೆ, ನಳಿಗೆಗೆ ತುಕ್ಕು

ನಾನು ಕೊಡಗಿನವನು, ಈಗ ಇರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಊರಲ್ಲಿ ನೋಡಿ ಬೆಳೆದದ್ದು ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಗಳನ್ನು. ಇಲ್ಲಿ ಜಿಂಕೆ ಬೇಟೆಗೆ ಹೋಗುವವರ ಮನೆಯಲ್ಲಿ ಕಾಣುವುದು ಬೇರೆ ಜಾತಿ, ಲಿವರ್ ಕೋವಿ. ಟ್ರಿಗರ್ ಸುತ್ತಲಿನ ಬಳೆಯನ್ನು ಕೆಳಕ್ಕೆ ತಳ್ಳಿ ಮತ್ತೆ ಮೇಲಕ್ಕೆ ಎಳೆದರೆ ಹಳೇ ತೋಟಾ ಹೊರಗೆ, ಹೊಸದು ಒಳಗೆ. ಪಕ್ಕದ ಮನೆಯ ಅಜ್ಜ ವಯಸ್ಸಾಯಿತು ಅಂತ ಬೇಟೆ ಬಿಟ್ಟರು, ತಮ್ಮ ಮಾರ್ಲಿನ್ 336 ಕೋವಿಯನ್ನು ನನಗೆ ಮಾರಿದರು. ಅಂಗಡಿಯ ಮೂಲಕ ಕಾಗದಪತ್ರ ಮುಗಿಸಿ ಮನೆಗೆ ತಂದೆ. 1973ರಿಂದ ಕೆಲವು ದಶಕಗಳ ಕಾಲ ತಯಾರಾದ ಮಾರ್ಲಿನ್‌ಗಳಲ್ಲಿ ಸೀರಿಯಲ್ ನಂಬರಿನ ಮೊದಲ ಎರಡು ಅಂಕಿಗಳನ್ನು 100ರಿಂದ ಕಳೆದರೆ ತಯಾರಾದ ವರ್ಷದ ಕೊನೆಯ ಎರಡು ಅಂಕಿ ಸಿಗುತ್ತವೆ. ಇದರದ್ದು 26ರಿಂದ ಶುರು, ಅಂದರೆ 1974.

ಕೋವಿ ಬಹಳ ವರ್ಷ ನೆಲಮಾಳಿಗೆಯ ಗೋಡೆಗೆ ಒರಗಿ ನಿಂತಿತ್ತು. ಗೋಡೆ ಕಡೆಯ ಮಗ್ಗುಲು ಪೂರ್ತಿ ತುಕ್ಕು. ಮರದ ವಾರ್ನಿಶ್ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು, ಕೈ ಹಿಡಿಯುವ ಜಾಗ ಬೆವರು ಮತ್ತು ಎಣ್ಣೆ ಕುಡಿದು ಕಪ್ಪಾಗಿತ್ತು. ಒಳಗಡೆ ಮಾತ್ರ ಎಲ್ಲ ಚೆನ್ನಾಗಿತ್ತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಎಲ್ಲ ಹಳೇ ಕೋವಿಯನ್ನೂ ಹೀಗೆ ಉಜ್ಜಬಾರದು. 1964ಕ್ಕಿಂತ ಹಿಂದಿನ ವಿಂಚೆಸ್ಟರ್ 94, ಅದೂ ಲಿವರ್ ಕೋವಿಯೇ, ನಿಮ್ಮ ಕೈಗೆ ಬಂದರೆ, ಅದರ ಉಕ್ಕಿನ ಮೇಲೆ ಕಾರ್ಖಾನೆಯ ಕಪ್ಪು ಬಣ್ಣ ಅರ್ಧ ಉಳಿದಿದ್ದರೂ, ಎಣ್ಣೆ ಬಟ್ಟೆಯಲ್ಲಿ ಒರೆಸಿ ಹಾಗೇ ಇಡಿ. ಸಂಗ್ರಹ ಮಾಡುವವರು ದುಡ್ಡು ಕೊಡುವುದೇ ಆ ಹಳೇ ಬಣ್ಣಕ್ಕೆ. 1964ರ ನಂತರದ ವಿಂಚೆಸ್ಟರ್‌ನಲ್ಲಿ ಇನ್ನೊಂದು ತೊಂದರೆ ಇದೆ. ಯಂತ್ರವೆಲ್ಲ ಕೂರುವ ಉಕ್ಕಿನ ಪೆಟ್ಟಿಗೆಗೆ, ಅಂದರೆ ರಿಸೀವರ್‌ಗೆ, ಹಲವು ವರ್ಷ ಬೇರೆ ಥರದ ಲೋಹ ಬಳಸಿದರು. ಅದು ಮಾಮೂಲಿ ಬಣ್ಣ ಹಿಡಿಯುವುದಿಲ್ಲ, ನೇರಳೆಗೆ ತಿರುಗುತ್ತದೆ. ಮಾರ್ಲಿನ್‌ನಲ್ಲಿ ಆ ರಗಳೆ ಇಲ್ಲ. 336 ಅಪರೂಪದ್ದೂ ಅಲ್ಲ, ಇದರ ಬಣ್ಣವೂ ಹೋಗಿಯೇ ಬಿಟ್ಟಿತ್ತು. ಹಾಗಾಗಿ ಕೈ ಹಾಕಿದೆ.

ಊರಿನವರಿಗೆ ಇನ್ನೊಂದು ವಿಷಯ. ಇಲ್ಲಿ ಸ್ವಂತ ಕೋವಿಗೆ ಬಣ್ಣ ಹಾಕಿಕೊಳ್ಳಲು ಯಾರ ಅನುಮತಿಯೂ ಬೇಡ, ಬೇರೆಯವರದ್ದನ್ನು ದುಡ್ಡಿಗೆ ಮಾಡುವ ಕಸುಬಿಗೆ ಮಾತ್ರ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ದುರಸ್ತಿ ಕೆಲಸಕ್ಕೂ ಲೈಸೆನ್ಸ್ ಕೇಳುತ್ತದೆ. ಊರಲ್ಲಿ ಕೋವಿ ಬಿಚ್ಚಿ ಮಾಡುವ ಕೆಲಸವನ್ನು ಲೈಸೆನ್ಸ್ ಇರುವವರಿಗೇ ಕೊಡಿ.

ಬಿಚ್ಚುವ ಮೊದಲು ತೋಟಾ ಇಲ್ಲ ಅಂತ ಎರಡು ಸಲ ನೋಡಿದೆ, ಬೆರಳು ಹಾಕಿಯೂ ನೋಡಿದೆ. ಲಿವರ್ ಅರ್ಧ ತೆರೆದು, ಅದರ ಒಂದೇ ಒಂದು ಸ್ಕ್ರೂ ತೆಗೆದರೆ ಲಿವರ್ ಕೈಗೆ ಬರುತ್ತದೆ, ನಳಿಗೆಯ ಹಿಂಬಾಯಿ ಮುಚ್ಚುವ ಉಕ್ಕಿನ ತುಂಡು, ಬೋಲ್ಟ್, ಹಿಂದಕ್ಕೆ ಜಾರಿ ಬರುತ್ತದೆ. ಆಗ ಒಳಗಿನ ಎಜೆಕ್ಟರ್ ಅನ್ನುವ ಸಣ್ಣ ಪಟ್ಟಿ ಸದ್ದಿಲ್ಲದೆ ಕೆಳಗೆ ಬೀಳುತ್ತದೆ, ಅದನ್ನು ಕಳೆದುಕೊಳ್ಳಬೇಡಿ. ಹಿಂದಿನ ಮರಕ್ಕೆ ಇರುವುದೂ ಒಂದೇ ಸ್ಕ್ರೂ. ಮನೆಯಲ್ಲಿರುವ ಮಾಮೂಲಿ ಸ್ಕ್ರೂಡ್ರೈವರ್ ಮಾತ್ರ ತರಬೇಡಿ. ಅದರ ತುದಿ ಉಳಿಯ ಹಾಗೆ ಓರೆಯಾಗಿರುತ್ತದೆ, ಸ್ಕ್ರೂ ತಲೆಯ ಸೀಳಿನೊಳಗೆ ತಳ ಮುಟ್ಟದೆ ಮೇಲೇ ಕೂತು ಅಂಚನ್ನು ಕಿತ್ತು ಹಾಕುತ್ತದೆ. ಕೋವಿ ಕೆಲಸಕ್ಕೆ ಅಂತಲೇ ತುದಿ ಸಮ ದಪ್ಪ ಇರುವ ಸ್ಕ್ರೂಡ್ರೈವರ್ ಸಿಗುತ್ತದೆ, ಅದನ್ನೇ ತೆಗೆದುಕೊಂಡೆ. ಬಿಚ್ಚಿದ ಪ್ರತಿ ಸ್ಕ್ರೂ ಬೇರೆ ಬೇರೆ ಡಬ್ಬಿಯಲ್ಲಿ, ಪ್ರತಿ ಹಂತಕ್ಕೂ ಫೋನಿನಲ್ಲಿ ಒಂದು ಫೋಟೋ.

ಈಗ ಮರ. ಇದು ಅಮೆರಿಕದ ವಾಲ್‌ನಟ್, ಊರಿನ ಬೀಟೆಯಷ್ಟು ಗಟ್ಟಿ ಇಲ್ಲ, ಆದರೆ ಎಳೆ ಬಹಳ ಚೆಂದ. ಹಳೇ ವಾರ್ನಿಶ್ ಕೀಳುವ, ಕಿತ್ತಳೆ ವಾಸನೆಯ ಜೆಲ್ ಸ್ಟ್ರಿಪ್ಪರ್ ದಪ್ಪಗೆ ಬಳಿದು, ಒಣಗದ ಹಾಗೆ ಅಡುಗೆ ಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ವಾರ್ನಿಶ್ ಎಲ್ಲ ಹಾಲಿನ ಕೆನೆ ಥರ ಸುಕ್ಕುಗಟ್ಟಿತ್ತು. ಪ್ಲಾಸ್ಟಿಕ್ ಚಿಪ್ಪಿನಲ್ಲಿ ತಳ್ಳಿ, ಮೂಲೆಗೆ ಹಳೇ ಟೂತ್‌ಬ್ರಷ್ ಹಾಕಿದೆ. ಮೊದಲೆಲ್ಲ ಸಿಗುತ್ತಿದ್ದ ಮೆಥಿಲೀನ್ ಕ್ಲೋರೈಡ್ ಸ್ಟ್ರಿಪ್ಪರನ್ನು 2019ರಲ್ಲಿ ಇಲ್ಲಿ ಮನೆ ಬಳಕೆಗೆ ಮಾರದಂತೆ ಮಾಡಿದರು. ಆ ಹೊಗೆಯಿಂದ ಜನ ಸತ್ತಿದ್ದಾರೆ. ನಿಮ್ಮ ಗ್ಯಾರೇಜಿನಲ್ಲಿ ಹಳೇ ಡಬ್ಬಿ ಇದ್ದರೂ ಮುಟ್ಟಬೇಡಿ. ಮರದ ಕೆಳಗಡೆ ಮಾರ್ಲಿನ್ ಗುರುತಾದ ಕಪ್ಪು ಬಿಳಿ ಬೊಟ್ಟು ಇರುತ್ತದೆ, ಅದು ಪ್ಲಾಸ್ಟಿಕ್. ಅದರ ಮೇಲೆ ಟೇಪ್ ಅಂಟಿಸಿ ಸ್ಟ್ರಿಪ್ಪರ್ ತಾಗದ ಹಾಗೆ ನೋಡಿಕೊಂಡೆ.

ತಗ್ಗುಗಳಿಗೆ ಇಸ್ತ್ರಿ ಪೆಟ್ಟಿಗೆ. ಒದ್ದೆ ಬಟ್ಟೆಯನ್ನು ತಗ್ಗಿನ ಮೇಲೆ ಮಡಿಸಿಟ್ಟು ಬಿಸಿ ಇಸ್ತ್ರಿ ಒತ್ತಿದರೆ ಚುಸ್ ಅಂತ ಆವಿ ಒಳಗೆ ಹೋಗುತ್ತದೆ, ನಜ್ಜಿದ ಎಳೆ ಉಬ್ಬಿ ಮೇಲೆ ಬರುತ್ತದೆ. ಕಾಳು ಮೆಣಸಿನಷ್ಟು ಆಳದ ಒಂದು ತಗ್ಗು ನಾಲ್ಕು ಸಲ ಒತ್ತುವಷ್ಟರಲ್ಲಿ ಬೆರಳಿಗೆ ಸಿಗದ ಹಾಗಾಯಿತು. ಎಳೆ ಕಡಿದು ಹೋಗಿರುವ ಗೀರು ಮಾತ್ರ ಹೀಗೆ ಏಳುವುದಿಲ್ಲ. ಅಂಥವು ಎರಡು ಇದ್ದವು, ಹಾಗೇ ಬಿಟ್ಟೆ. ಆಳದ ಗೀರು ತೆಗೆಯಬೇಕು ಅಂತ ಹೊರಟರೆ ಸುತ್ತಲಿನ ಮರವನ್ನೆಲ್ಲ ತೆಗೆಯಬೇಕಾಗುತ್ತದೆ. ಎಣ್ಣೆ ಕುಡಿದ ಕಪ್ಪು ಜಾಗಕ್ಕೆ ಸೀಮೆಸುಣ್ಣದ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ಬಳಿದೆ. ಒಣಗುತ್ತಾ ಅದು ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದೆ, ಬಿಳಿ ಪುಡಿ ಕಂದು ಬಣ್ಣಕ್ಕೆ ತಿರುಗುತ್ತದೆ. ಐದು ಸಲ ಮಾಡಿದ ಮೇಲೆ ಪುಡಿ ಬಿಳಿಯಾಗಿಯೇ ಉದುರಿತು.

ಸ್ಯಾಂಡ್ ಪೇಪರ್ ಹಿಡಿಯುವ ಮೊದಲು ಮರ ಮತ್ತು ಉಕ್ಕು ಕೂಡುವ ಅಂಚನ್ನು ಚೆನ್ನಾಗಿ ನೋಡಿಕೊಳ್ಳಿ. ಕಾರ್ಖಾನೆಯಲ್ಲಿ ಆ ಅಂಚಿನ ಮರವನ್ನು ಉಕ್ಕಿಗಿಂತ ಕೂದಲೆಳೆಯಷ್ಟು ಎತ್ತರ ಬಿಟ್ಟಿರುತ್ತಾರೆ. ಕೈಯಲ್ಲಿ ಸವರಿದರೆ ಗೊತ್ತಾಗುತ್ತದೆ. ಆ ಕೂದಲೆಳೆ ಹೋಯಿತು ಅಂದರೆ ಮರ ತಗ್ಗಿ ಉಕ್ಕು ಎದ್ದು ನಿಲ್ಲುತ್ತದೆ, ಆಮೇಲೆ ಎಷ್ಟು ಕೋಟು ಎಣ್ಣೆ ಹಾಕಿದರೂ ಯಾರೋ ಉಜ್ಜಿ ಹಾಳು ಮಾಡಿದ ಕೋವಿ ಅಂತ ದೂರದಿಂದಲೇ ತಿಳಿಯುತ್ತದೆ. ಬೇರೆ ಯಾವ ತಪ್ಪನ್ನಾದರೂ ತಿದ್ದಬಹುದು, ತೆಗೆದ ಮರವನ್ನು ವಾಪಸ್ ತರಲು ಆಗುವುದಿಲ್ಲ ಅಲ್ವಾ. ಅದಕ್ಕೇ ಅಂಚಿನ ಕಾಲು ಇಂಚಿಗೆ ನಾನು 320ರ ಪೇಪರ್ ಬಿಟ್ಟು ಬೇರೆ ಏನನ್ನೂ ಸೋಕಿಸಲಿಲ್ಲ (ನಂಬರ್ ದೊಡ್ಡದಾದಷ್ಟೂ ಪೇಪರ್ ನುಣುಪು). ಉಳಿದ ಕಡೆ 220, ಆಮೇಲೆ 320, ಮರದ ತುಂಡಿಗೆ ಸುತ್ತಿ, ಎಳೆಯ ದಿಕ್ಕಿನಲ್ಲೇ. ಭುಜಕ್ಕೆ ತಾಗುವ ತುದಿಯ ಬಟ್ ಪ್ಲೇಟನ್ನು ಉಜ್ಜುವಾಗ ಜಾಗದಲ್ಲೇ ಇಟ್ಟುಕೊಂಡೆ, ಇಲ್ಲದಿದ್ದರೆ ಮೂಲೆ ದುಂಡಾಗುತ್ತದೆ.

ನುಣ್ಣಗಾಯಿತು ಅಂದುಕೊಂಡ ಮರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹೇರ್ ಡ್ರೈಯರ್ ಹಿಡಿದರೆ ಸಣ್ಣ ಸಣ್ಣ ಮುಳ್ಳು ಏಳುತ್ತವೆ, ಮೂರು ದಿನದ ಗಡ್ಡದ ಹಾಗೆ. ಅದನ್ನು 320ರಲ್ಲಿ ತೆಗೆದು ಮತ್ತೆ ಒದ್ದೆ ಮಾಡಿದೆ. ಮೂರನೇ ಸಲಕ್ಕೆ ಮುಳ್ಳು ಏಳಲಿಲ್ಲ.

ಎಣ್ಣೆ ಅಂದರೆ ಸುಮ್ನೆ ಅಗಸೆ ಎಣ್ಣೆ ಅಲ್ಲ. ಬರೀ ಅಗಸೆ ಎಣ್ಣೆ ಒಣಗಲು ದಿನಗಟ್ಟಲೆ ಬೇಕು, ಮಳೆ ನೀರನ್ನೂ ಅಷ್ಟಾಗಿ ತಡೆಯುವುದಿಲ್ಲ. ನಾನು ಹಾಕಿದ್ದು ಟ್ರು ಆಯಿಲ್, ಅಗಸೆ ಎಣ್ಣೆ ಸೇರಿಸಿಯೇ ಮಾಡಿದ್ದು, ಆದರೆ ಬೇಗ ಗಟ್ಟಿಯಾಗುತ್ತದೆ. ಮೊದಲ ಎರಡು ಕೋಟನ್ನು 400ರ ಪೇಪರ್‌ನಿಂದ ಒದ್ದೆಯಲ್ಲೇ ಉಜ್ಜಿದೆ. ಮರದ ಹಿಟ್ಟು, ಎಣ್ಣೆ ಸೇರಿ ಕೆಸರಾಗಿ ಎಳೆಯ ಸಂದಿಗಳನ್ನೆಲ್ಲ ತುಂಬುತ್ತದೆ. ಆಮೇಲೆ ಬೆರಳ ತುದಿಯಲ್ಲಿ ಒಂದೆರಡು ಹನಿ ತೆಗೆದುಕೊಂಡು, ಮರ ಬೆಚ್ಚಗಾಗುವವರೆಗೆ ತಿಕ್ಕುವುದು. ಇಷ್ಟೇ ಸಾಕಾ ಅನ್ನಿಸುವಷ್ಟು ತೆಳುವಾಗಿರಬೇಕು. ಜಾಸ್ತಿ ಹಾಕಿದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ದಿನಕ್ಕೆ ಒಂದು ಕೋಟು, ನಡುವೆ ನಾಲ್ಕು ಸೊನ್ನೆಯ, ಅಂದರೆ ಬಹಳ ನವಿರಾದ, ಸ್ಟೀಲ್ ವುಲ್‌ನಲ್ಲಿ ಹಗುರಾಗಿ ಒಂದು ಕೈ, ಹೀಗೆ ಒಟ್ಟು ಒಂಬತ್ತು ಕೋಟು. ಒಂದು ಎಚ್ಚರಿಕೆ: ಈ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಬಿಸಾಡಬೇಡಿ. ಒಣಗುವಾಗ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಒಂದೊಂದೇ ಹರಡಿ ಒಣಗಿಸಿ, ಇಲ್ಲ ನೀರಿನ ಡಬ್ಬಿಗೆ ಹಾಕಿ.

ಲೋಹದ ಕೆಲಸದಲ್ಲಿ ಮೊದಲು ತಪ್ಪು ದಾರಿ ಹಿಡಿದೆ. ಉಕ್ಕನ್ನು ಬಿಸಿ ಮಾಡದೆಯೇ ಕಪ್ಪು ಮಾಡುವ, ಬಾಟಲಿಯಲ್ಲಿ ಸಿಗುವ ಕೋಲ್ಡ್ ಬ್ಲೂ ದ್ರಾವಣ ತಂದು ಲಿವರ್‌ಗೆ ಹಚ್ಚಿದೆ. ಎರಡು ನಿಮಿಷಕ್ಕೆ ಕಪ್ಪಾಯಿತು, ಖುಷಿಯಾಯಿತು. ವಾರ ಕಳೆಯುವಷ್ಟರಲ್ಲಿ ಸ್ಕ್ರೂ ತೂತಿನ ಸುತ್ತ ಒಳಗಿದ್ದ ಎಣ್ಣೆ ಜಿನುಗಿದ ಕಡೆ ಕಲೆ, ಬೆರಳು ತಾಗುವ ಕಡೆ ಬೂದಿ ಬಣ್ಣ. ಕೋಲ್ಡ್ ಬ್ಲೂ ಸೆಲೆನಿಯಂ ಮತ್ತು ತಾಮ್ರದ ಒಂದು ತೆಳು ಪದರ ಅಷ್ಟೇ, ಸ್ಕ್ರೂ ತಲೆಗೆ, ಸಣ್ಣ ಗೀರಿಗೆ ಸಾಕು, ಇಡೀ ಕೋವಿಗೆ ಅಲ್ಲ. ಕಾರ್ಖಾನೆಯವರು ಮಾಡುವುದು ಸುಮಾರು 140 ಡಿಗ್ರಿಯಲ್ಲಿ ಕುದಿಯುವ ಕಾಸ್ಟಿಕ್ ಸೋಡಾದಲ್ಲಿ, ಅದು ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ. ನಡುವೆ ಉಳಿಯುವುದು ಹಳೇ ಕಾಲದ ದಾರಿ, ರಸ್ಟ್ ಬ್ಲೂಯಿಂಗ್. ಬೇಕಂತಲೇ ತುಕ್ಕು ಹಿಡಿಸಿ, ಆ ತುಕ್ಕನ್ನು ಕುದಿಸಿ ಕಪ್ಪು ಮಾಡುವುದು. ಕೆಂಪು ತುಕ್ಕು, ಕೋವಿಯ ಕಪ್ಪು, ಎರಡೂ ಕಬ್ಬಿಣದ ಆಕ್ಸೈಡುಗಳೇ. ಕೆಂಪಿನದ್ದು ಕಬ್ಬಿಣವನ್ನು ತಿನ್ನುತ್ತಾ ಹೋಗುತ್ತದೆ, ಕಪ್ಪಿನದ್ದು ಅಂಟಿ ಕೂತು ಎಣ್ಣೆ ಹಿಡಿದುಕೊಳ್ಳುತ್ತದೆ.

ಹಳೇ ಬಣ್ಣ, ತುಕ್ಕು ಎರಡನ್ನೂ ಬಿಳಿ ವಿನೆಗರ್ ಅರ್ಧ ಗಂಟೆಯಲ್ಲಿ ತೆಗೆಯಿತು. ಆಮೇಲೆ 320ರವರೆಗೆ ಕೈಯಲ್ಲೇ ಉಜ್ಜಿದೆ, ಯಂತ್ರ ಹಚ್ಚಲಿಲ್ಲ. ಬಫಿಂಗ್ ಚಕ್ರ ಹಿಡಿದರೆ ಅಕ್ಷರಗಳು ಕರಗುತ್ತವೆ, ಸ್ಕ್ರೂ ತೂತುಗಳು ಬಟ್ಟಲಾಗುತ್ತವೆ. ಸೀರಿಯಲ್ ನಂಬರಿನ ಜಾಗಕ್ಕೆ ಪೇಪರನ್ನೇ ಒಯ್ಯಲಿಲ್ಲ, ಅದನ್ನು ಅಳಿಸುವುದು ಇಲ್ಲಿ ದೊಡ್ಡ ಅಪರಾಧ. ತುಕ್ಕು ತಿಂದ ಗುಳಿಗಳು ಎಡ ಮಗ್ಗುಲಲ್ಲಿ ಇನ್ನೂ ಕಾಣುತ್ತವೆ. ಅವನ್ನು ಅರದಿಂದ ಉಜ್ಜಿ ತೆಗೆಯಬಹುದಿತ್ತು, ಆದರೆ ಆ ಉಕ್ಕು ಅಜ್ಜನ ಜೊತೆ ಅಷ್ಟು ವರ್ಷ ಕಾಡು ತಿರುಗಿದ್ದು, ಅಷ್ಟು ಗುರುತು ಅದಕ್ಕೆ ಇರಲಿ ಅನ್ನಿಸಿತು.

ನಳಿಗೆಯನ್ನು ರಿಸೀವರ್‌ನಿಂದ ಬಿಚ್ಚಲಿಲ್ಲ, ಒಳಗಿನ ಭಾಗ ಎಲ್ಲ ತೆಗೆದು ಎರಡನ್ನೂ ಒಟ್ಟಿಗೇ ಮಾಡಿದೆ. 20 ಇಂಚಿನ ನಳಿಗೆ, ಮೇಲೆ ರಿಸೀವರ್, ಅದಕ್ಕೆ 36 ಇಂಚಿನ ಸ್ಟೀಲ್ ತೊಟ್ಟಿ ಮತ್ತು ಎರಡು ಬರ್ನರ್ ಒಲೆ. ನಳಿಗೆಯ ಎರಡೂ ಬಾಯಿಗೆ ಮರದ ಬಿರಡೆ. ಅಸಿಟೋನ್‌ನಲ್ಲಿ ಒರೆಸಿದ ಮೇಲೆ ಬರಿಗೈ ತಾಗಿಸಬಾರದು, ಒಂದು ಬೆರಳ ಗುರುತು ಸಾಕು ಬಣ್ಣ ಕೆಡಲು. ತುಕ್ಕಿನ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಹಿಂಡಿ, ಉದ್ದಕ್ಕೆ ಒಂದೇ ಎಳೆತ, ಎಳೆದ ಕಡೆ ಮತ್ತೆ ಎಳೆಯಬಾರದು. ಆಮೇಲೆ ಪ್ಲೈವುಡ್ ಪೆಟ್ಟಿಗೆಯಲ್ಲಿ ಒದ್ದೆ ಟವೆಲ್, ಒಂದು ಬಲ್ಬು, ನಡುವೆ ಕೋವಿ ನೇತು ಹಾಕಿದೆ. ಉಳಿದ ಸಾಮಾನುಗಳನ್ನು ಆ ಕೋಣೆಯಿಂದ ಹೊರಗೆ ಇಟ್ಟೆ, ಇಲ್ಲದಿದ್ದರೆ ಅವಕ್ಕೂ ತುಕ್ಕು.

ನಾಲ್ಕು ಗಂಟೆ ಬಿಟ್ಟು ತೆರೆದರೆ ಉಕ್ಕಿನ ಮೇಲೆಲ್ಲ ಕುಂಕುಮ ಉದುರಿಸಿದ ಹಾಗೆ ಸಣ್ಣ ಕೆಂಪು ಪುಡಿ. ಅದನ್ನು ಡಿಸ್ಟಿಲ್ಡ್ ನೀರಿನಲ್ಲಿ 20 ನಿಮಿಷ ಕುದಿಸಿದೆ. ನಲ್ಲಿ ನೀರಾದರೆ ಸುಣ್ಣದ ಕಲೆ ಬೀಳುತ್ತದೆ. ನೋಡ ನೋಡುತ್ತಲೇ ಕೆಂಪು ಮಾಯವಾಗಿ ಮಸಿ ಕಪ್ಪು ಮಖಮಲ್ ಥರ ಕೂರುತ್ತದೆ. ಹೊರಗೆ ತೆಗೆದು ಸ್ಟೀಲ್ ವುಲ್‌ನಲ್ಲಿ ಮೆಲ್ಲಗೆ ಉಜ್ಜಿದರೆ ಮೇಲಿನ ಮಸಿ ಹೋಗಿ ಕೆಳಗೆ ತೆಳು ಬೂದು ಬಣ್ಣ. ಸ್ಟೀಲ್ ವುಲ್‌ಗೂ ಅಂಗಡಿಯಿಂದ ಬರುವಾಗಲೇ ಎಣ್ಣೆ ಇರುತ್ತದೆ, ಅದನ್ನೂ ಅಸಿಟೋನ್‌ನಲ್ಲಿ ತೊಳೆದುಕೊಳ್ಳಬೇಕು. ಮೊದಲ ಸುತ್ತಿನ ಬೂದು ಬಣ್ಣ ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಮೂರನೇ ಸುತ್ತಿಗೆ ಕಪ್ಪು ಕಾಣಲು ಶುರುವಾಗುತ್ತದೆ, ಐದಕ್ಕೆ ಆಳ ಬರುತ್ತದೆ, ಏಳಕ್ಕೆ ನಾನು ನಿಲ್ಲಿಸಿದೆ. ಲಿವರ್, ತೋಟಾ ತುಂಬುವ ಮ್ಯಾಗಜೀನ್ ಕೊಳವೆ, ಪಟ್ಟಿಗಳು ಎಲ್ಲ ಇದರ ಜೊತೆಗೇ ಹೋದವು. ಕೊನೆಗೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಒಂದು ಕುದಿ, ಬಿಸಿ ಇರುವಾಗಲೇ ಮೈ ತುಂಬ ಎಣ್ಣೆ, ರಾತ್ರಿಯಿಡೀ ಹಾಗೇ ಬಿಟ್ಟೆ. ಬೆಳಿಗ್ಗೆ ಕಿಟಕಿಯ ಬೆಳಕಿಗೆ ಹಿಡಿದರೆ ಕಾರ್ಖಾನೆಯ ಹೊಳಪು ಅಲ್ಲ, ಕಾಡು ನೇರಳೆ ಹಣ್ಣಿನ ಮೇಲಿನ ಮಂಕು ಇರುತ್ತದಲ್ಲ, ಆ ಥರ.

ಜೋಡಿಸಿ, ನಳಿಗೆಯ ಒಳಗೆ ಎರಡು ಸಲ ಬ್ರಷ್ ಹಾಕಿ, ಡಮ್ಮಿ ತೋಟಾ ಹಾಕಿ ಇಪ್ಪತ್ತು ಸಲ ಲಿವರ್ ಆಡಿಸಿದೆ. ಮೂವತ್ತು ದಿನದ ಕೆಲಸ, ಆಗಸ್ಟ್ ಕೊನೆಗೆ ಮುಗಿಯಿತು. ಸೆಪ್ಟೆಂಬರ್ 3 ನಮಗೆ ಕೈಲ್ ಪೊಳ್ದ್, ಗದ್ದೆ ನಾಟಿ ಮುಗಿಸಿ ಕೋವಿ, ಕತ್ತಿಗಳನ್ನು ಪೂಜೆಗೆ ಇಡುವ ದಿನ. ಊರಲ್ಲಾದರೆ ಕೋವಿ ಬಾಯಿಗೆ ತೋಕ್ ಪೂ ಅನ್ನುವ ಕಾಡು ಹೂ ಸಿಕ್ಕಿಸುತ್ತಾರೆ, ಇಲ್ಲಿ ಅದು ಸಿಗುವುದಿಲ್ಲ. ಮನೆ ಹಿಂದಿನ ಚೆಂಡು ಹೂ ಇಟ್ಟೆವು, ಹೆಂಡತಿ ಅಕ್ಕಿ ತರಿಯ ಉಂಡೆ, ಕಡಂಬುಟ್ಟು, ಮಾಡಿದಳು, ಅಜ್ಜನನ್ನೂ ಕರೆದೆವು. ಅವರು ಕೋವಿ ಎತ್ತಿಕೊಂಡು ಮೊದಲು ಹೆಬ್ಬೆರಳು ಓಡಿಸಿದ್ದು ಮರ ಮತ್ತು ರಿಸೀವರ್ ಕೂಡುವ ಆ ಅಂಚಿನ ಮೇಲೆ.

ಬೇಟೆ ಶುರುವಾದ ದಿನ ಇಡೀ ಹೊತ್ತು ಜಿಟಿಜಿಟಿ ಮಳೆ. ಮರದ ಮೇಲೆ ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಹನಿಯಾಗಿ ನಿಂತಿತು. ಸಂಜೆ ಒರೆಸುವಾಗ ಲಿವರ್‌ನ ಒಳ ಬಳೆಯಲ್ಲಿ, ಬೆರಳು ಕೂರುವ ಕಡೆ ಮಾತ್ರ, ಒಂದು ಅಕ್ಕಿ ಕಾಳಿನಷ್ಟು ಜಾಗ ಬಣ್ಣ ತೆಳುವಾಗಿತ್ತು. ಅದಕ್ಕೆ ಎಣ್ಣೆ ಹಚ್ಚಿ ಹಾಗೇ ಇಟ್ಟಿದ್ದೇನೆ.