ಮಜ್ಜೆ ಕಸಿ ಆದವರ ಗಂಜಿ: ತೆಳ್ಳಗಿದ್ದರೂ ನೀರಾಗಬಾರದು

ಬೆಂಗಳೂರಿನಲ್ಲಿ ಸ್ಟೆಮ್ ಸೆಲ್ ಕಸಿ, ಅಂದರೆ ಮಜ್ಜೆ ಕಸಿ, ಮಾಡಿಸಿಕೊಂಡು ಚಿಕ್ಕಬಳ್ಳಾಪುರದ ಕಡೆಯ ಊರಿಗೆ ಮರಳುವವರ ಮನೆಗಳಲ್ಲಿ ಒಂದೇ ತಪ್ಪು ನೋಡಿ ನೋಡಿ ಸಾಕಾಗಿದೆ. ಬಾಯಿಹುಣ್ಣು ಪೂರ್ತಿ ಮಾಗಿರುವುದಿಲ್ಲ, ಜೊಲ್ಲು ಕಡಿಮೆ, ಮುದ್ದೆ ಇಳಿಯದು. ಸರಿ, ದಿನಕ್ಕೆ ಆರು ಲೋಟ ನೀರುಗಂಜಿ! ಹೊಟ್ಟೆ ತುಂಬುತ್ತದೆ, ಮೈ ಇಳಿಯುತ್ತದೆ. 60 ಕೆ.ಜಿ. ತೂಕದವರಿಗೆ ಈ ಹೊತ್ತಿನಲ್ಲಿ ದಿನಕ್ಕೆ ಸುಮಾರು 1,800 ಕ್ಯಾಲೊರಿ, 70ರಿಂದ 90 ಗ್ರಾಂ ಪ್ರೋಟೀನ್ ಬೇಕು. ಮೂತ್ರಪಿಂಡದ ತೊಂದರೆ ಇದ್ದರೆ ಲೆಕ್ಕ ಬೇರೆ, ವೈದ್ಯರನ್ನು ಕೇಳಿ.

ಕಸಿ ಆದವರಿಗೆ ಸೋಂಕು ಬೇಗ ತಗಲುತ್ತದೆ, ಹಾಗಾಗಿ ಮೊದಲು ಸೋಪಿನಲ್ಲಿ ಕೈ ತೊಳೆಯಿರಿ. ಬೋರ್‌ವೆಲ್ ನೀರಾಗಲಿ, ಊರಿನ ಶುದ್ಧ ನೀರಿನ ಘಟಕದ್ದಾಗಲಿ, ಕುದಿಸಿಯೇ ಬಳಸಿ.

ಈಗ ಗಂಜಿ. ಎಲ್ಲರೂ ಎಡವುವುದು ಇಲ್ಲೇ. ಮೂರು ಚಮಚ ರಾಗಿಹಿಟ್ಟಿಗೆ ಒಂದು ಚಮಚ ಮೊಳಕೆ ರಾಗಿಹಿಟ್ಟು ಬೆರೆಸಿ, ಕಾಯಿಸಿ ಆರಿಸಿದ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ. ಕುದಿಯುವ ಹಾಲಿಗೆ ಹಿಟ್ಟು ಸುರಿಯಬೇಡಿ. ಮೊಳಕೆಯಲ್ಲಿರುವ ಕಿಣ್ವ ಹಿಟ್ಟಿನ ಪಿಷ್ಟವನ್ನು ಒಡೆದು ಗಂಜಿಯನ್ನು ತೆಳುಮಾಡುತ್ತದೆ. ಬಿಸಿ ಒಮ್ಮೆಲೇ ತಾಗಿದರೆ ಅದು ಕೆಟ್ಟು, ಗಂಜಿ ಅಂಟಂಟಾಗುತ್ತದೆ. ಅದಕ್ಕೇ ತಣ್ಣನೆಯದನ್ನು ಒಲೆಗಿಟ್ಟು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ ನಿಧಾನಕ್ಕೆ ಕಾಯಿಸಿ. ಕುದಿ ಬಂದ ಮೇಲೆ ಇನ್ನೂ ಹತ್ತು ನಿಮಿಷ ಬೇಯಲಿ. ಮೊಳಕೆ ಕಾಳಿನಲ್ಲಿ ರೋಗಾಣು ಸುಲಭವಾಗಿ ಬೆಳೆಯುತ್ತದೆ, ಬೇಯಿಸುವುದರಲ್ಲಿ ರಿಯಾಯಿತಿ ಇಲ್ಲ. ಬೇಯುವಾಗಲೇ ಎರಡು ಚಮಚ ಹಾಲಿನ ಪುಡಿ, ಒಂದು ಚಮಚ ತುಪ್ಪ ಸೇರಿಸಿ. ಹುರಿಹಿಟ್ಟನ್ನು ಹಾಲಿಗೆ ಹಾಗೇ ಕಲಸಿ ಕೊಡುವ ಅಡ್ಡದಾರಿ ಸದ್ಯಕ್ಕೆ ಬೇಡ. ಜಾಹೀರಾತಿನ ದೊಡ್ಡ ಡಬ್ಬಿಯ ಪುಡಿಗಳೂ ಬೇಡ. ಕೆಲವದರಲ್ಲಿ ಸಕ್ಕರೆಯೇ ಮುಂದು. ಹಾಲಿಗೆ ಭೇದಿಯಾದರೆ ಹೆಸರುಬೇಳೆಯನ್ನು ನುಣ್ಣಗೆ ಬೇಯಿಸಿ ಮಸೆದು, ಅದರಲ್ಲೇ ಗಂಜಿ ಮಾಡಿ.

ಉಗುರುಬೆಚ್ಚಗೆ ಕೊಡಿ. ನಾಲಿಗೆಗೆ ಕಬ್ಬಿಣದ ರುಚಿ ಬರುತ್ತಿದ್ದರೆ ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ಕಿನದು ಕೊಡಿ. ಅರ್ಧ ಲೋಟ, ಎರಡು ಗಂಟೆಗೊಮ್ಮೆ. ಉಳಿದದ್ದನ್ನು ಸಂಜೆಗೆ ಎತ್ತಿಡಬೇಡಿ, ಮನೆಯವರು ಕುಡಿಯಲಿ. ಜೊತೆಗೆ ಗಟ್ಟಿಯಾಗಿ ಬೇಯಿಸಿದ ಮೊಟ್ಟೆ. ಒಂದರಲ್ಲಿ ಆರು ಗ್ರಾಂ ಪ್ರೋಟೀನ್ ಸಿಗುತ್ತದೆ.

ಬೆಳಿಗ್ಗೆ ಒಂದೇ ಹೊತ್ತಿಗೆ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಕಾಲು ಊದಿದ್ದರೆ ಆ ತೂಕ ನಂಬಬೇಡಿ, ಅದು ನೀರು.

ನೋಡಲು ಬರುವ ನೆಂಟರಿಗೆ ಮೊದಲೇ ಹೇಳಿಬಿಡಿ: ದೇವನಹಳ್ಳಿಯ ಚಕ್ಕೋತ ತರುವುದು ಬೇಡ. ಕಸಿಯ ನಂತರ ರೋಗನಿರೋಧಕ ಶಕ್ತಿ ತಗ್ಗಿಸಲು ಕೊಡುವ ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್ ಮಾತ್ರೆ ನುಂಗುತ್ತಿರುವವರು ಆ ಹಣ್ಣು ತಿಂದರೆ ರಕ್ತದಲ್ಲಿ ಔಷಧದ ಮಟ್ಟ ಏರಿಬಿಡುತ್ತದೆ. ಬಾಳೆಹಣ್ಣು ತರಲಿ.