ಟೆಕ್ಸಾಸ್‌ನಲ್ಲಿ ಮನೆ ಕೊಳ್ಳುವಾಗ ಎಸಿ ಪರೀಕ್ಷೆ: ಇನ್‌ಸ್ಪೆಕ್ಟರ್ ಎಲ್ಲಿಯವರೆಗೆ, ಟೆಕ್ನಿಷಿಯನ್ ಎಲ್ಲಿಂದ?

ಒಂದೆರಡು ವರ್ಷ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದು, ಈಗ ಫ್ರಿಸ್ಕೋ, ಕೇಟಿ, ಸೀಡರ್ ಪಾರ್ಕ್ ಕಡೆ ಸ್ವಂತ ಮನೆ ನೋಡುತ್ತಿರುವ ಕುಟುಂಬಗಳಿಗಾಗಿ ಇದನ್ನು ಬರೆದಿದ್ದೇವೆ. ಬಾಡಿಗೆ ಮನೆಯಲ್ಲಿ ಎಸಿ ಕೆಟ್ಟರೆ ಲೀಸಿಂಗ್ ಆಫೀಸಿಗೆ ಒಂದು ಫೋನ್ ಮಾಡಿದರೆ ಆಯಿತು. ಸ್ವಂತ ಮನೆಯಲ್ಲಿ ಆ ತಲೆನೋವು ನಿಮ್ಮದೇ. ಪೂರ್ತಿ ಸಿಸ್ಟಮ್ ಬದಲಿಸಬೇಕಾದರೆ ಹತ್ತು ಸಾವಿರ ಡಾಲರ್ ದಾಟುವುದು ಮಾಮೂಲು. ಆಗಸ್ಟ್‌ನಲ್ಲಿ ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಹತ್ತಿರ ಹತ್ತಿರ 38 ಸೆಲ್ಸಿಯಸ್ ಇರುತ್ತದೆ. ಮನೆಯಲ್ಲಿ ಎಳೆ ಮಗುವೋ, ಊರಿಂದ ಬಂದ ಅಪ್ಪ-ಅಮ್ಮನೋ ಇದ್ದರೆ ಎಸಿ ಇಲ್ಲದ ಒಂದು ರಾತ್ರಿ ಕಳೆಯುವುದೂ ಕಷ್ಟ.

ಕೊಳ್ಳುವ ಮುಂಚೆ ಮನೆಯನ್ನು ಪರೀಕ್ಷಿಸುವ ಹೋಮ್ ಇನ್‌ಸ್ಪೆಕ್ಟರ್ ಬಗ್ಗೆ ಹೊಸಬರು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಇನ್‌ಸ್ಪೆಕ್ಟರ್‌ಗೆ ಅಷ್ಟು ದುಡ್ಡು ಕೊಟ್ವಿ, ಅವರು ಗೇಜ್ ಹಾಕಿ ಗ್ಯಾಸ್ ಎಷ್ಟಿದೆ ಅಂತ ನೋಡಲೇ ಇಲ್ಲ. ಅರ್ಧಂಬರ್ಧ ಕೆಲಸ ಅಲ್ವಾ?" ಅಲ್ಲ. ಗೇಜ್, ಅಂದರೆ ಗ್ಯಾಸಿನ ಒತ್ತಡ ಅಳೆಯುವ ಮೀಟರ್, ಹಾಕದೇ ಇರುವುದೇ ಸರಿ. ಆದರೆ ಅವರ ಕೆಲಸ ಎಲ್ಲಿಗೆ ನಿಲ್ಲುತ್ತದೆ ಎಂದು ನಿಮಗೆ ಗೊತ್ತಿರಬೇಕು. ಅಲ್ಲಿಂದ ಮುಂದಿನದನ್ನು ಬೇರೆಯವರಿಂದ ಮಾಡಿಸಬೇಕು, ಅದೂ ಬೇಗ.

ಇನ್‌ಸ್ಪೆಕ್ಟರ್ ಮಾಡಲೇಬೇಕಾದದ್ದು

ಟೆಕ್ಸಾಸ್‌ನಲ್ಲಿ ಹೋಮ್ ಇನ್‌ಸ್ಪೆಕ್ಟರ್‌ಗಳಿಗೆ ಲೈಸೆನ್ಸ್ ಕೊಡುವುದು ಟೆಕ್ಸಾಸ್ ರಿಯಲ್ ಎಸ್ಟೇಟ್ ಕಮಿಷನ್. ಎಲ್ಲರೂ ಇದನ್ನು ಟ್ರೆಕ್ ಅನ್ನುತ್ತಾರೆ. ಏನು ನೋಡಲೇಬೇಕು, ಏನನ್ನು ಬಿಡಬಹುದು ಎಂದು ಟ್ರೆಕ್ ನಿಯಮ ಬರೆದಿಟ್ಟಿದೆ. ರಿಪೋರ್ಟ್ ಕೂಡ ಅವರದೇ ಫಾರ್ಮ್‌ನಲ್ಲಿ ಬರುತ್ತದೆ. ಪ್ರತಿ ಅಂಶದ ಮುಂದೆ ನಾಲ್ಕು ಗುರುತು: ಐ ಅಂದರೆ ನೋಡಿದ್ದೇವೆ, ಎನ್‌ಐ ನೋಡಿಲ್ಲ, ಎನ್‌ಪಿ ಆ ವಸ್ತುವೇ ಇಲ್ಲ, ಡಿ ಅಂದರೆ ದೋಷ ಇದೆ. ಎಸಿ ಸಾಲಿನಲ್ಲಿ ಎನ್‌ಐ ಇದ್ದರೆ ಸುಮ್ನೆ ಮುಂದಿನ ಪುಟಕ್ಕೆ ಹೋಗಬೇಡಿ. ಯಾಕೆ ನೋಡಲಿಲ್ಲ ಎಂದು ಫೋನ್ ಮಾಡಿ ಕೇಳಿ.

ಇನ್‌ಸ್ಪೆಕ್ಟರ್ ಮನೆಯವರ ಹಾಗೆ ಥರ್ಮೋಸ್ಟಾಟ್‌ನಿಂದ ಎಸಿ ಚಾಲೂ ಮಾಡಿ, ಗಾಳಿ ತಣ್ಣಗಾಗುತ್ತಿದೆಯೇ ಎಂದು ನೋಡುತ್ತಾರೆ. ಎಸಿಯ ಒಳಗೆ ಹೋಗುವ ಗಾಳಿಗೂ ವೆಂಟ್‌ನಿಂದ ಬರುವ ಗಾಳಿಗೂ ಎಷ್ಟು ವ್ಯತ್ಯಾಸ ಎಂದು ಹೆಚ್ಚಿನವರು ಅಳೆಯುತ್ತಾರೆ. 75 ಡಿಗ್ರಿ ಒಳಗೆ ಹೋಗಿ 57 ಹೊರಬಂದರೆ ವ್ಯತ್ಯಾಸ 18. ರೂಢಿಯಲ್ಲಿ 15ರಿಂದ 20 ಡಿಗ್ರಿ ಫ್ಯಾರನ್‌ಹೀಟ್ ಬಂದರೆ ಪರವಾಗಿಲ್ಲ ಅನ್ನುತ್ತಾರೆ. ಖಾಲಿ ಬಿದ್ದ ಮನೆಯಲ್ಲಿ ಆಗಷ್ಟೇ ಎಸಿ ಹಾಕಿದ್ದರೆ, ಅಥವಾ ಹ್ಯೂಸ್ಟನ್ ಕಡೆ ಒಳಗೆ ತೇವ ಜಾಸ್ತಿ ಇದ್ದರೆ, ಒಳ್ಳೆಯ ಎಸಿಯಲ್ಲೂ ಕಡಿಮೆ ಬರಬಹುದು. ಹಾಗಾಗಿ ಆ ಸಂಖ್ಯೆಯನ್ನು ರಿಪೋರ್ಟ್‌ನಲ್ಲಿ ಬರೆಯಲು ಹೇಳಿ. ಬರೀ "ಕೆಲಸ ಮಾಡುತ್ತಿದೆ" ಅಂದರೆ ಸಾಲದು.

ಇದರ ಜೊತೆಗೆ ನೀರು ಹೋಗುವ ಪೈಪ್ ಮತ್ತು ತಟ್ಟೆ, ತಣ್ಣನೆಯ ತಾಮ್ರದ ಪೈಪಿನ ಮೇಲಿನ ಹೊದಿಕೆ, ಕೈಗೆಟುಕುವ ಜಾಗದಲ್ಲಿರುವ ಕಾಯಿಲ್‌ನ (ಗ್ಯಾಸ್ ಹರಿಯುವ ಸುರುಳಿ ಪೈಪ್) ಕೊಳೆ, ಹೊರಗಿನ ಯೂನಿಟ್ ಮಟ್ಟವಾಗಿ ಕೂತಿದೆಯೇ, ಅದರ ಸುತ್ತ ಗಾಳಿಯಾಡುತ್ತದೆಯೇ ಎಂಬುದೆಲ್ಲ ಅವರ ಪಟ್ಟಿಯಲ್ಲಿ ಇರುತ್ತದೆ.

ಇದರಲ್ಲಿ ಆ ನೀರಿನ ತಟ್ಟೆಯನ್ನು ನಾವು ತುಂಬಾ ಗಂಭೀರವಾಗಿ ನೋಡುತ್ತೇವೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಎಸಿಯ ಒಳಗಿನ ಭಾಗ ಅಟಿಕ್‌ನಲ್ಲಿ, ಅಂದರೆ ಸೀಲಿಂಗ್‌ಗೂ ಛಾವಣಿಗೂ ನಡುವಿನ ಜಾಗದಲ್ಲಿ ಇರುತ್ತದೆ. ಅದರ ಕೆಳಗೊಂದು ಅಗಲವಾದ ತಗಡಿನ ತಟ್ಟೆ. ಮುಖ್ಯ ಪೈಪ್ ಪಾಚಿ ಕಟ್ಟಿಕೊಂಡರೆ ನೀರು ಈ ತಟ್ಟೆಗೆ ಬೀಳುತ್ತದೆ, ಅಲ್ಲಿಂದ ಇನ್ನೊಂದು ಪೈಪಿನಲ್ಲಿ ಹೊರಗೆ ಹೋಗುತ್ತದೆ. ಎರಡನೇ ಪೈಪಿನ ಬಾಯಿಯನ್ನು ಬೇಕಂತಲೇ ಕಿಟಕಿಯ ಮೇಲೆ ಬಿಟ್ಟಿರುತ್ತಾರೆ, ತೊಟ್ಟಿಕ್ಕಿದರೆ ಮನೆಯವರ ಕಣ್ಣಿಗೆ ಬೀಳಲಿ ಎಂದು. ಮನೆ ನೋಡಲು ಹೋದಾಗ ಕಿಟಕಿಯ ಮೇಲೆ ಸಣ್ಣ ಬಿಳಿ ಪೈಪ್ ಇದೆಯೇ, ಅದರ ಕೆಳಗೆ ಗೋಡೆಯ ಮೇಲೆ ಕಲೆ ಇದೆಯೇ ನೋಡಿ. ಇನ್‌ಸ್ಪೆಕ್ಟರ್ ಅಟಿಕ್ ಹತ್ತಿದಾಗ ತಟ್ಟೆಯ ಫೋಟೋ ಕೇಳಿ. ಇವತ್ತು ಒಣಗಿದ್ದರೂ ತುಕ್ಕಿನ ಗೆರೆ ಇದ್ದರೆ ಹಿಂದೆ ನೀರು ನಿಂತಿತ್ತು ಎಂದೇ ಅರ್ಥ. ಆ ನೀರು ಸೀಲಿಂಗ್ ಒಡೆದು ಬೆಡ್‌ರೂಮಿಗೆ ಇಳಿದರೆ ಎಸಿ ರಿಪೇರಿಗಿಂತ ಸೀಲಿಂಗ್ ರಿಪೇರಿಯೇ ದುಬಾರಿ.

ಅವರು ಮಾಡಬೇಕಿಲ್ಲದ್ದು

ಗ್ಯಾಸಿನ ಒತ್ತಡ, ಯಾವ ಗ್ಯಾಸ್, ಸೋರಿಕೆ ಇದೆಯೇ ಎಂಬುದನ್ನು ಇನ್‌ಸ್ಪೆಕ್ಟರ್ ನೋಡಬೇಕಿಲ್ಲ ಎಂದು ಟ್ರೆಕ್ ನಿಯಮವೇ ಹೇಳುತ್ತದೆ. ಇದಕ್ಕೆ ಕಾರಣ ಇದೆ. ಎಸಿಯ ಗ್ಯಾಸ್ ಮುಚ್ಚಿದ ಪೈಪಿನೊಳಗೆ ಸುತ್ತುತ್ತಿರುತ್ತದೆ, ಬಳಸಿದಷ್ಟೂ ಖಾಲಿಯಾಗುವ ವಸ್ತುವಲ್ಲ. ಊರಲ್ಲಿ ಪ್ರತಿ ಬೇಸಿಗೆ ಗ್ಯಾಸ್ ತುಂಬಿಸಿಕೊಂಡು ಅಭ್ಯಾಸ ಇರುವವರು ಇದನ್ನು ನೆನಪಿಡಿ: ಗ್ಯಾಸ್ ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಗೇಜ್ ಹಾಕಿ ತೆಗೆದಾಗಲೆಲ್ಲ ಸ್ವಲ್ಪ ಗ್ಯಾಸ್ ಹೊರಗೆ ಹೋಗುತ್ತದೆ. ಹಳೆಯ ವಾಲ್ವ್ ಮತ್ತೆ ಸರಿಯಾಗಿ ಮುಚ್ಚಿಕೊಳ್ಳದೇ ಹೋಗಬಹುದು. ಚೆನ್ನಾಗಿದ್ದ ಎಸಿಯನ್ನು ಪರೀಕ್ಷೆ ಮಾಡಿದವರೇ ಕೆಡಿಸಿದ ಹಾಗಾಗುತ್ತದೆ, ಅದೂ ಇನ್ನೂ ನಿಮ್ಮದಲ್ಲದ ಮನೆಯಲ್ಲಿ. ಗ್ಯಾಸ್ ಕೆಲಸಕ್ಕೆ ಫೆಡರಲ್ ಕಾನೂನಿನ ಪ್ರಕಾರ ಇಪಿಎ (ಅಮೆರಿಕದ ಪರಿಸರ ಇಲಾಖೆ) 608 ಸರ್ಟಿಫಿಕೇಟ್ ಬೇರೆ ಬೇಕು.

ಹೊರಗೆ 60 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಇದ್ದರೆ ಎಸಿ ಚಾಲೂ ಮಾಡುವ ಅಗತ್ಯವೂ ಅವರಿಗಿಲ್ಲ. ಚಳಿಯಲ್ಲಿ ಓಡಿಸಿದರೆ ಕಂಪ್ರೆಸರ್‌ಗೆ ಪೆಟ್ಟು ಬೀಳಬಹುದು. ಡಿಸೆಂಬರ್-ಜನವರಿಯಲ್ಲಿ ಮನೆ ಕೊಳ್ಳುವವರು ಮಧ್ಯಾಹ್ನದ ಬಿಸಿಲಿನ ಹೊತ್ತಿಗೆ ಇನ್‌ಸ್ಪೆಕ್ಷನ್ ಇಟ್ಟುಕೊಳ್ಳಿ. ಆಗಲೂ ಆಗದಿದ್ದರೆ ಹಿಂದಿನ ಬೇಸಿಗೆಯ ಸರ್ವಿಸ್ ಬಿಲ್‌ಗಳನ್ನು ಮಾರುವವರಿಂದ ತರಿಸಿಕೊಳ್ಳಿ.

ಇನ್ನು ಹೊಸಬರು ಗಮನಿಸದೇ ಹೋಗುವುದು ಎರಡಿವೆ. ಮನೆಯ ಅಳತೆಗೆ ಎಸಿ ಸಾಕಾಗುತ್ತದೆಯೇ, ಗಾಳಿ ಎಲ್ಲ ರೂಮಿಗೂ ಸಮನಾಗಿ ಹೋಗುತ್ತದೆಯೇ ಎಂದು ಇನ್‌ಸ್ಪೆಕ್ಟರ್ ಹೇಳಬೇಕಿಲ್ಲ. ಮಾಳಿಗೆಯ ಮೂಲೆ ರೂಮ್ ಸಂಜೆ ನಾಲ್ಕಕ್ಕೆ ಬೇಯುತ್ತದೆ ಎಂಬುದು ರಿಪೋರ್ಟ್‌ನಲ್ಲಿ ಸಿಗದೇ ಹೋಗಬಹುದು. ನೀವೇ ಹೋಗಿ ಪ್ರತಿ ವೆಂಟ್ ಕೆಳಗೆ ಕೈಯೊಡ್ಡಿ ನೋಡಿ. ಎರಡನೆಯದು, ಒಳಗಿನ ಕಾಯಿಲ್‌ಗೂ ಹೊರಗಿನ ಯೂನಿಟ್‌ಗೂ ಜೋಡಿ ಹೊಂದುತ್ತದೆಯೇ ಎಂಬುದು. "2021ರಲ್ಲಿ ಹೊಸ ಎಸಿ ಹಾಕಿಸಿದ್ದೇವೆ" ಎಂದು ಮಾರುವವರು ಬರೆದಿರುತ್ತಾರೆ. ಹೊರಗಿನದು ಮಾತ್ರ ಹೊಸದಾಗಿದ್ದು ಅಟಿಕ್‌ನಲ್ಲಿರುವುದು ಹಳೆಯದೇ ಆಗಿರಬಹುದು. ಎರಡೂ ಯೂನಿಟ್‌ನ ಮೇಲಿನ ಲೇಬಲ್ ಫೋಟೋ ತೆಗೆದುಕೊಳ್ಳಿ. ತಯಾರಾದ ತಿಂಗಳು, ವರ್ಷ ಅಲ್ಲೇ ಇರುತ್ತದೆ, ಇಲ್ಲವಾದರೆ ಸೀರಿಯಲ್ ನಂಬರ್‌ನಿಂದ ತಿಳಿಯುತ್ತದೆ. ಮಾಡೆಲ್ ನಂಬರ್‌ನಲ್ಲಿ ಸಾಮಾನ್ಯವಾಗಿ 036 ಅಂತಿದ್ದರೆ ಮೂರು ಟನ್, 060 ಅಂದರೆ ಐದು.

ಅದೇ ಲೇಬಲ್ ಮೇಲೆ ಗ್ಯಾಸಿನ ಹೆಸರೂ ಇರುತ್ತದೆ. ಆರ್-22 ಅಂತಿದ್ದರೆ ಎಚ್ಚರ. ಅಮೆರಿಕದಲ್ಲಿ ಅದರ ತಯಾರಿಕೆ, ಆಮದು ಎರಡೂ 2020ರ ಜನವರಿ 1ಕ್ಕೆ ನಿಂತುಹೋಗಿವೆ. ಉಳಿದ ಗ್ಯಾಸ್ ದುಬಾರಿ, ಎಸಿಯೂ ಮುದಿಯಾಗಿರುತ್ತದೆ. ಬೆಲೆ ಮಾತಾಡುವಾಗ ಹೊಸ ಎಸಿಯ ಖರ್ಚನ್ನೂ ಸೇರಿಸಿಕೊಂಡೇ ಮಾತಾಡಿ. ಆರ್-410ಎ ಇದ್ದರೆ ಸದ್ಯಕ್ಕೆ ಚಿಂತೆಯಿಲ್ಲ, ಆದರೆ 2025ರಿಂದ ಹೊಸ ಸಿಸ್ಟಮ್‌ಗಳು ಆರ್-454ಬಿ, ಆರ್-32ರ ಕಡೆ ಹೊರಳಿವೆ.

ಟೆಕ್ನಿಷಿಯನ್‌ನ ಕರೆಸುವುದು ಯಾವಾಗ?

ಎಸಿಗೆ ಹತ್ತು ವರ್ಷ ದಾಟಿದ್ದರೆ, ರಿಪೋರ್ಟ್‌ನಲ್ಲಿ ಡಿ ಅಥವಾ ಎನ್‌ಐ ಇದ್ದರೆ, ತಟ್ಟೆಯಲ್ಲಿ ತುಕ್ಕಿದ್ದರೆ ಕರೆಸಿ. ಸಾವಿರಾರು ಡಾಲರ್‌ನ ಪ್ರಶ್ನೆಗೆ ಒಂದು ವಿಸಿಟ್‌ನ ಫೀಸ್ ದೊಡ್ಡದಲ್ಲ. ಗೇಜ್ ಹಾಕಬೇಕೇ ಎಂದು ನಿರ್ಧರಿಸಬೇಕಾದವರು ಇವರು. ಅದಕ್ಕೆ ಮೊದಲು ಮನೆ ಮಾರುವವರ ಒಪ್ಪಿಗೆ ಬೇಕು, ನಿಮ್ಮ ರಿಯಲ್ಟರ್ ಮೂಲಕ ಕೇಳಿ. ಎಸಿ ಕಂಟ್ರಾಕ್ಟರ್‌ಗಳ ಲೈಸೆನ್ಸ್ ಟ್ರೆಕ್‌ನದಲ್ಲ, ಟಿಡಿಎಲ್‌ಆರ್ ಎಂಬ ಬೇರೆ ಇಲಾಖೆಯದು. ನಂಬರ್ ಟಿಎಸಿಎಲ್‌ಎ ಅಥವಾ ಟಿಎಸಿಎಲ್‌ಬಿ ಎಂದು ಶುರುವಾಗುತ್ತದೆ, ಇಲಾಖೆಯ ವೆಬ್‌ಸೈಟಿನಲ್ಲಿ ಹುಡುಕಿ ನೋಡಬಹುದು.

ಇದೆಲ್ಲ ಆಪ್ಷನ್ ಪೀರಿಯಡ್ ಒಳಗೆ ಮುಗಿಯಬೇಕು. ಆಪ್ಷನ್ ಫೀ ಕೊಟ್ಟು ನೀವು ಮಾತಾಡಿಕೊಂಡ ಅಷ್ಟು ದಿನ, ಕಾರಣ ಹೇಳದೆಯೇ ಒಪ್ಪಂದದಿಂದ ಹಿಂದೆ ಸರಿಯುವ ಹಕ್ಕು ನಿಮಗಿರುತ್ತದೆ. ಕೊನೆಯ ದಿನ ಸಂಜೆ 5ಕ್ಕೆ ಅದು ಮುಗಿಯುತ್ತದೆ. ಶನಿವಾರ, ಭಾನುವಾರವೂ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ಮೊದಲ ಎರಡು-ಮೂರು ದಿನದೊಳಗೆ ಇನ್‌ಸ್ಪೆಕ್ಷನ್ ಮಾಡಿಸಿ. ಬೇಸಿಗೆಯಲ್ಲಿ ಎಸಿಯವರು ಕೈಗೆ ಸಿಗುವುದೇ ಕಷ್ಟ, ಅವರ ಸಮಯವನ್ನೂ ಮೊದಲೇ ಹಿಡಿದಿಟ್ಟುಕೊಳ್ಳಿ.

ರಿಪೇರಿ ಕೇಳುವಾಗ "ಎಸಿ ಸರ್ವಿಸ್ ಮಾಡಿಸಿ ಕೊಡಿ" ಎಂದು ಬರೆಯಬೇಡಿ. ಫಿಲ್ಟರ್ ಬದಲಿಸಿ, ಹೊರಗಿನ ಯೂನಿಟ್‌ಗೆ ನೀರು ಹೊಡೆದು ಕೈತೊಳೆದುಕೊಂಡರೂ ಅದು ಸರ್ವಿಸ್ಸೇ. ಟೆಕ್ನಿಷಿಯನ್ ಬರೆದುಕೊಟ್ಟ ದೋಷವನ್ನು ಅದೇ ಮಾತಿನಲ್ಲಿ ಬರೆಯಿರಿ. ಟಿಡಿಎಲ್‌ಆರ್ ಲೈಸೆನ್ಸ್ ಇರುವವರಿಂದಲೇ ಮಾಡಿಸಬೇಕು, ಬಿಲ್ ಕ್ಲೋಸಿಂಗ್‌ಗೆ (ಮನೆ ನಿಮ್ಮ ಹೆಸರಿಗೆ ಆಗುವ ದಿನ) ಮುಂಚೆ ನಮ್ಮ ಕೈಗೆ ಬರಬೇಕು ಎಂದೂ ಸೇರಿಸಿ. ಎಸಿ ತೀರಾ ಹಳೆಯದಾಗಿದ್ದರೆ ರಿಪೇರಿಯ ಬದಲು ಬೆಲೆಯಲ್ಲಿ ಇಳಿಸಿಕೊಳ್ಳುವುದೇ ಮೇಲು. ಯಾವ ಎಸಿ, ಯಾರ ಕೈಯಲ್ಲಿ ಎಂಬುದನ್ನು ಆಗ ನೀವೇ ತೀರ್ಮಾನಿಸಬಹುದು.